ತೂಬಿನ ಬಳಿ ನಿಂತವನು

(ಕೋಲಾರದಲ್ಲಿ ಪದವಿ ವಿದ್ಯಾರ್ಥಿಗಳ ಮುಂದೆ ‘ಆಡಳಿತ, ಸಮಾಜ ಮತ್ತು ನೈತಿಕತೆ’ ಎಂಬ ವಿಷಯವಾಗಿ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋಗಿದ್ದ ಕೆಲವು ವಿವರಗಳನ್ನು ಸೇರಿಸಿದ್ದೇನೆ. ಎರಡು ನಗೆಮಾತುಗಳನ್ನು ತೆಗೆದಿದ್ದೇನೆ. ಅಲ್ಲಿಯೂ ಯಾರೂ ನಕ್ಕಿರಲಿಲ್ಲ.)

ಸ್ವಾಗತ ಭಾಷಣದಲ್ಲಿ ನನ್ನನ್ನು ‘ಮೂವತ್ತಮೂರು ವರ್ಷ ಕಂದಾಯ ಇಲಾಖೆಯಲ್ಲಿ ಕಳಂಕವಿಲ್ಲದೆ ದುಡಿದವರು’ ಎಂದು ಪರಿಚಯಿಸಿದರು. ನಿವೃತ್ತಿಯ ದಿನ ಹಾರ ಹಾಕಿದಾಗಲೂ ಇದೇ ಮಾತು ಬಂದಿತ್ತು. ನಮ್ಮ ಇಲಾಖೆಯಲ್ಲಿ ಕಳಂಕವಿಲ್ಲ ಎಂದರೆ ಇಲಾಖಾ ವಿಚಾರಣೆ ನಡೆದಿಲ್ಲ, ಅಮಾನತು ಆಗಿಲ್ಲ, ಪಿಂಚಣಿಗೆ ತಕರಾರು ಬಂದಿಲ್ಲ ಎಂದಷ್ಟೇ ಅರ್ಥ. ಆ ಅರ್ಥದಲ್ಲಿ ನಾನು ಶುದ್ಧ. ಆದರೆ ಇವತ್ತು ನಿಮ್ಮ ಮುಂದೆ ಹೇಳಬೇಕೆಂದುಕೊಂಡು ಬಂದಿರುವ ಒಂದು ಸಂಗತಿ ಯಾವ ಸೇವಾ ಪುಸ್ತಕದಲ್ಲೂ ದಾಖಲಾಗಿಲ್ಲ. ಅದನ್ನು ಆಮೇಲೆ ಹೇಳುತ್ತೇನೆ.

ನಿಮ್ಮಲ್ಲಿ ಅನೇಕರು ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುತ್ತಿದ್ದೀರಿ. ಕೇಂದ್ರ ಲೋಕಸೇವಾ ಆಯೋಗದ ಮುಖ್ಯ ಪರೀಕ್ಷೆಯಲ್ಲಿ 2013ರಿಂದ ನೈತಿಕತೆಗೇ ಒಂದು ಪತ್ರಿಕೆ ಇದೆ, 250 ಅಂಕಗಳದ್ದು. ನನ್ನ ಅಣ್ಣನ ಮೊಮ್ಮಗ ಅದಕ್ಕೆ ಓದುವುದನ್ನು ನೋಡಿದ್ದೇನೆ. ಒಬ್ಬ ಅಧಿಕಾರಿಯ ಮೇಲೆ ಒತ್ತಡ ಬಂದಿದೆ, ಅವನು ಏನು ಮಾಡಬೇಕು ಎಂದು ಕೇಳುತ್ತಾರೆ. ಒತ್ತಡ ಹೇರುವವನು ಹೆಚ್ಚಾಗಿ ಮಂತ್ರಿಯೋ ಗುತ್ತಿಗೆದಾರನೋ ಆಗಿರುತ್ತಾನೆ. ಏನು ಉತ್ತರ ಬರೆದರೆ ಅಂಕ ಬರುತ್ತದೆ ಎಂಬುದು ಹುಡುಗನಿಗೂ ಗೊತ್ತು, ಮೌಲ್ಯಮಾಪಕರಿಗೂ ಗೊತ್ತು. ನನ್ನ ಮೇಲೆ ಮಾತ್ರ ಒಬ್ಬ ಮಂತ್ರಿಯೂ ಒತ್ತಡ ಹೇರಲಿಲ್ಲ. ಅಷ್ಟು ದೊಡ್ಡ ಹುದ್ದೆ ನನ್ನದಾಗಿರಲಿಲ್ಲ. ನನಗೆ ಒತ್ತಡ ಬಂದದ್ದು ನಮ್ಮ ಮನೆಯ ಜಗಲಿಯ ಮೇಲೆ, ಊಟಕ್ಕೆ ಕುಳಿತಾಗ, ಮದುವೆ ಚಪ್ಪರದ ಕೆಳಗೆ. ಅಂಥ ಪ್ರಶ್ನೆ ಆ ಪತ್ರಿಕೆಯಲ್ಲಿ ಬರುತ್ತದೆಯೋ ಎಂದು ಹುಡುಗನನ್ನು ಕೇಳಿದೆ. ‘ಸಿಲಬಸ್‌ನಲ್ಲಿ ಕುಟುಂಬದ ಪಾತ್ರ ಅಂತ ಒಂದು ಅಂಶ ಇದೆ ತಾತ, ಆದರೆ ಅದು ಮೌಲ್ಯ ಕಲಿಸುವುದರಲ್ಲಿ’ ಎಂದ.

ಈಗ ನಮ್ಮ ಜಿಲ್ಲೆಯ ಒಂದು ಹಳೆಯ ಕೆಲಸದ ಮಾತು. ವರ್ಷವಿಡೀ ಹರಿಯುವ ನದಿಯಿಲ್ಲದ ಸೀಮೆ ನಮ್ಮದು. ಪಾಲಾರ್, ಪೆನ್ನಾರ್ ಎಂದು ಹೆಸರುಗಳಿವೆ. ಮಳೆ ಬಂದಾಗ ಮಾತ್ರ ಅವು ನದಿಗಳು. ಹಿಂದಿನವರು ಹಳ್ಳದ ಹಾದಿಯುದ್ದಕ್ಕೂ ಕೆರೆ ಕಟ್ಟಿಕೊಂಡು ಬದುಕಿದರು, ಒಂದರ ಕೋಡಿ ಬಿದ್ದರೆ ಇನ್ನೊಂದಕ್ಕೆ ನೀರು ಸೇರುವ ಹಾಗೆ. ಅಂಥ ಕೆರೆಯ ತೂಬನ್ನು (ನೀರು ಬಿಡುವ ಬಾಗಿಲನ್ನು) ಎತ್ತುವುದು, ಇಳಿಸುವುದು, ಕೆರೆಯ ನೀರು ಹಾಯುವ ಗದ್ದೆಬಯಲಾದ ಅಚ್ಚುಕಟ್ಟಿನಲ್ಲಿ ಯಾರ ಗದ್ದೆಗೆ ಯಾವಾಗ ಎಷ್ಟು ಹೊತ್ತು ನೀರು ಎಂದು ನೋಡಿ ಹರಿಸುವುದು ಒಬ್ಬನ ಕೆಲಸವಾಗಿತ್ತು. ಅವನೇ ನೀರುಗಂಟಿ. ನಿಮ್ಮ ತಾತಂದಿರನ್ನು ಕೇಳಿ, ಅವರ ಊರಿನ ನೀರುಗಂಟಿಯ ಹೆಸರು ಹೇಳುತ್ತಾರೆ. ರೈತರು ತಾವೇ ಹೋಗಿ ತೂಬು ಮುಟ್ಟುವಂತಿರಲಿಲ್ಲ, ಗದ್ದೆಗೆ ನೀರು ಹಾಯುವ ಬಾಯಿಯಾದ ಮಡೆಯನ್ನು ಕಡಿಯುವಂತಿರಲಿಲ್ಲ. ಸುಗ್ಗಿಯಲ್ಲಿ ಪ್ರತಿಯೊಬ್ಬರ ಕಣದಿಂದಲೂ ಅವನಿಗೆ ಇಷ್ಟು ಕಾಳು ಎಂದು ಆಯ ಸಲ್ಲುತ್ತಿತ್ತು. ಕೆರೆ ತುಂಬದ ವರ್ಷ ಊರವರು ಕುಳಿತು, ಇರುವ ನೀರಿಗೆ ಎಷ್ಟು ಭೂಮಿ ನಾಟಿ ಮಾಡಬಹುದು ಎಂದು ಲೆಕ್ಕ ಹಾಕುತ್ತಿದ್ದರು. ಹಳೆಯ ಕಂದಾಯದ ಭಾಷೆಯಲ್ಲಿ ದಾಮಾಷಾ ಎಂಬ ಮಾತಿತ್ತು: ಇರುವುದನ್ನು ಅವರವರ ಪಾಲಿನ ಪ್ರಮಾಣಕ್ಕೆ ತಕ್ಕಂತೆ ಹಂಚುವುದು. ಕೊರತೆಯನ್ನೂ ಹಂಚಬೇಕು ಎಂಬುದು ಅದರೊಳಗಿನ ತಿಳಿವಳಿಕೆ.

ನನಗೆ ಏಳೆಂಟು ವರ್ಷವಿರಬೇಕು. ನಮ್ಮ ತಾತನಿಗೆ ಆ ಅಚ್ಚುಕಟ್ಟಿನಲ್ಲಿ ಎಲ್ಲರಿಗಿಂತ ಹೆಚ್ಚು ಗದ್ದೆ. ಒಂದು ಸಂಜೆ ನಮ್ಮ ಸರದಿ ಮುಗಿದಾಗ ತಾತ, ಇನ್ನೊಂದು ಗಳಿಗೆ ಬಿಡು ಎಂದರು. ನೀರುಗಂಟಿ ಹೆಗಲ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದು, ತಲೆ ತಗ್ಗಿಸಿ, ‘ಕೆರೆಯಲ್ಲಿರುವುದೇ ಇಷ್ಟು ಸ್ವಾಮಿ’ ಎಂದ. ಹಾಗೆ ಹೇಳುತ್ತಲೇ ಸನಿಕೆಯಿಂದ ಮಡೆಗೆ ಮಣ್ಣು ಎಳೆದ. ತಾತ ಅವನ ಜಾತಿ ಹಿಡಿದು ಬೈದರು. ಮನೆಗೆ ಬಂದ ಮೇಲೂ ಬೈದರು. ಆದರೆ ತಾವೇ ಹೋಗಿ ಆ ಮಡೆ ಕಡಿಯಲಿಲ್ಲ. ಸುಗ್ಗಿಯಲ್ಲಿ ಅವನ ಆಯವನ್ನು ಒಂದು ಸೇರೂ ಕಡಿಮೆ ಮಾಡದೆ ಅಳೆಸಿದರು.

ಈ ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಎಲ್ಲರಿಗೂ ಹಿತವಾಗಿರುತ್ತದೆ. ಹಳೆಯ ಕಾಲ ಎಷ್ಟು ಚೆನ್ನಾಗಿತ್ತು ಎಂದು ಚಪ್ಪಾಳೆ ತಟ್ಟಿ ಮನೆಗೆ ಹೋಗಬಹುದು. ಆದರೆ ನಮ್ಮ ಸೀಮೆಯ ಬಹಳಷ್ಟು ಊರುಗಳಲ್ಲಿ ನೀರುಗಂಟಿ ದಲಿತ. ಊರಿಗೆಲ್ಲ ನೀರು ಹಂಚುತ್ತಿದ್ದವನು ಊರ ಸೇದುವ ಬಾವಿಗೆ ಹಗ್ಗ ಇಳಿಸುವಂತಿರಲಿಲ್ಲ. ನಮ್ಮ ಜಗಲಿಯ ಕೆಳಗೆ ನಿಂತು ಬೊಗಸೆಯೊಡ್ಡಿ ಕುಡಿಯುತ್ತಿದ್ದ, ನಮ್ಮ ಅಜ್ಜಿ ಮೇಲಿನಿಂದ ಸುರಿಯುತ್ತಿದ್ದಳು. ಅವನು ಅಷ್ಟು ನಿಷ್ಪಕ್ಷಪಾತಿಯಾಗಿರಲು ಸಾಧ್ಯವಾದದ್ದು ಹೇಗೆ ಎಂದು ಆಮೇಲೆ ಎಷ್ಟೋ ವರ್ಷ ಯೋಚಿಸಿದ್ದೇನೆ. ಆ ಅಚ್ಚುಕಟ್ಟಿನಲ್ಲಿ ಅವನಿಗೆ ಹೇಳಿಕೊಳ್ಳುವಂಥ ಭೂಮಿ ಇರಲಿಲ್ಲ. ಮೇಲಿನ ಗದ್ದೆಯವನೂ ಅವನ ನೆಂಟನಲ್ಲ, ಕೆಳಗಿನ ಗದ್ದೆಯವನೂ ಅಲ್ಲ. ಅವನ ನ್ಯಾಯ ನಿಂತಿದ್ದ ನೆಲ ಅವನಿಗೇ ಆಗಿದ್ದ ಅನ್ಯಾಯ. ಇದನ್ನು ಬಿಡಿಸಿಕೊಳ್ಳದೆ ಆಡಳಿತದ ನೈತಿಕತೆಯ ಬಗ್ಗೆ ಮಾತನಾಡುವುದು ನನಗೆ ಸಾಧ್ಯವಾಗಿಲ್ಲ. ಪೂರ್ತಿ ಬಿಡಿಸಿಕೊಂಡಿದ್ದೇನೆ ಎಂದೂ ಹೇಳುತ್ತಿಲ್ಲ.

1961ರ ಕಾಯ್ದೆಯೊಂದು ಊರಿನ ವಂಶಪಾರಂಪರ್ಯ ಹುದ್ದೆಗಳನ್ನೆಲ್ಲ ರದ್ದು ಮಾಡಿತು. ಶಾನುಭೋಗ, ಪಟೇಲ, ತೋಟಿ, ತಳವಾರ ಎಲ್ಲ ಹೋಯಿತು. ಹೋಗಬೇಕಾದದ್ದೇ. ಹುಟ್ಟಿನಿಂದ ಬಂದ ಅಧಿಕಾರವೂ ಹುಟ್ಟಿನಿಂದ ಬಂದ ಚಾಕರಿಯೂ ಒಟ್ಟಿಗೆ ಹೋಗಲಿ ಎಂಬುದು ಸರಿಯಾದ ಮಾತು. ಆ ಜಾಗಕ್ಕೆ ಸಂಬಳದ ನೌಕರರು ಬಂದರು, ಪರೀಕ್ಷೆ ಪಾಸಾಗಿ, ನೇಮಕಾತಿ ಆದೇಶ ಹಿಡಿದು. ನಾನೂ ಹಾಗೆ ಬಂದವನು. ನಮಗೆ ಊರು ತುಂಬ ನೆಂಟರಿದ್ದರು.

ಈಗ ಆ ಸಂಗತಿ. 1994ರ ಸುಮಾರು. ಒಂದು ತಾಲ್ಲೂಕು ಕಚೇರಿಯಲ್ಲಿ ಖಾತೆ ಬದಲಾವಣೆಯ ಕಡತಗಳನ್ನು ನೋಡುವ ಗುಮಾಸ್ತ ನಾನು. ಗಂಡ ತೀರಿಕೊಂಡ ಒಬ್ಬ ಹೆಂಗಸು ಫೌತಿ ಖಾತೆಗೆ, ಅಂದರೆ ಸತ್ತವರ ಹೆಸರಿನ ಜಮೀನನ್ನು ವಾರಸುದಾರರ ಹೆಸರಿಗೆ ಮಾಡಿಕೊಡುವುದಕ್ಕೆ, ಅರ್ಜಿ ಕೊಟ್ಟಿದ್ದರು. ಎರಡು ಎಕರೆ ಚಿಲ್ಲರೆ ಜಮೀನು. ಕಾಗದಪತ್ರ ಎಲ್ಲ ಸರಿಯಾಗಿತ್ತು. ಅವರ ಕಡತ ಮೇಲಕ್ಕೆ ಹೋಗಬೇಕಿದ್ದ ವಾರದಲ್ಲೇ ನನ್ನ ಭಾವಮೈದುನ ತನ್ನ ಸ್ನೇಹಿತನೊಬ್ಬನನ್ನು ಮನೆಗೆ ಕರೆತಂದ. ಕಾಫಿ ಕುಡಿದರು. ‘ಭಾವ, ಇವನದ್ದು ಸ್ವಲ್ಪ ನೋಡಿ’ ಎಂದ. ಅಷ್ಟೇ. ಆ ಸ್ನೇಹಿತನ ಕಡತದಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಮಾಡಿದ್ದು ಅದನ್ನು ಮೇಲಿಟ್ಟದ್ದು. ಒಂದನ್ನು ಮೇಲಿಟ್ಟರೆ ಇನ್ನೊಂದು ಕೆಳಗೆ ಹೋಗುತ್ತದೆ. ಅಷ್ಟರಲ್ಲಿ ಮೇಲಧಿಕಾರಿಗೆ ವರ್ಗವಾಯಿತು, ಹೊಸಬರು ಬರುವುದು ತಡವಾಯಿತು, ಆಮೇಲೆ ಚುನಾವಣೆಯ ಕೆಲಸ ಬಂತು. ಒಂದು ವಾರದ ಮಾತು ಎಂದುಕೊಂಡದ್ದು ಐದು ತಿಂಗಳಾಯಿತು. ಜಮೀನಿನ ದಾಖಲೆಯಾದ ಪಹಣಿಯಲ್ಲಿ ಹೆಸರಿಲ್ಲದೆ ಆಕೆಗೆ ಸೊಸೈಟಿಯಲ್ಲಿ ಬೆಳೆ ಸಾಲ ಸಿಗಲಿಲ್ಲ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿಗೆ ಕೈಸಾಲ ಮಾಡಿ ಬಿತ್ತನೆ ಮಾಡಿದರು.

ಖಾತೆ ಆದ ಮೇಲೆ ಅವರು ಒಂದು ಚೀಲ ಅವರೆಕಾಯಿ ಹೊತ್ತು ಕಚೇರಿಗೆ ಬಂದರು. ‘ನಿಮ್ಮಿಂದ ಆಯಿತಪ್ಪ’ ಎಂದರು. ನಾನು ಗಂಭೀರವಾಗಿ, ಸರ್ಕಾರಿ ನೌಕರ ಇಂಥದ್ದೆಲ್ಲ ತೆಗೆದುಕೊಳ್ಳಬಾರದಮ್ಮ ಎಂದು ಚೀಲವನ್ನು ಹಿಂದಿರುಗಿಸಿದೆ. ಪಕ್ಕದ ಮೇಜಿನವರು ನೋಡಲಿ ಎಂದು ಸ್ವಲ್ಪ ಜೋರಾಗಿಯೇ ಹೇಳಿದೆ. ಆ ದಿನ ರಾತ್ರಿ ನನಗೆ ನನ್ನ ಬಗ್ಗೆ ಬಹಳ ಒಳ್ಳೆಯ ಭಾವನೆ ಇತ್ತು.

ಇದು ನಿಮಗೆ ಸಣ್ಣ ತಪ್ಪು ಎನಿಸಬಹುದು. ಲಂಚವಿಲ್ಲ, ನಕಲಿ ದಾಖಲೆಯಿಲ್ಲ. ಯಾವ ತನಿಖಾ ಸಂಸ್ಥೆಯೂ ಇದನ್ನು ಹಿಡಿಯಲಾರದು. ಆದ್ದರಿಂದಲೇ ಹೇಳುತ್ತಿದ್ದೇನೆ. ಭ್ರಷ್ಟಾಚಾರ ಎಂದೊಡನೆ ನಮ್ಮ ಕಣ್ಣ ಮುಂದೆ ನೋಟಿನ ಕಂತೆ ಬರುತ್ತದೆ. ನನ್ನ ಅನುಭವದಲ್ಲಿ ನೋಟಿಗಿಂತ ಮೊದಲು ಬರುವುದು ಒಂದು ಶಬ್ದ: ‘ನಮ್ಮವನು’. ನಮ್ಮ ಗಡಿ ಹಳ್ಳಿಗಳಲ್ಲಿ ಮನೆಮಾತು ತೆಲುಗು. ಅಲ್ಲಿ ‘ಮನವಾಡು’ ಎನ್ನುತ್ತಾರೆ. ಎರಡು ಭಾಷೆಯಲ್ಲೂ ಅದು ಪ್ರೀತಿಯ ಮಾತು. ನಮ್ಮವನು ಆ ಕಚೇರಿಯಲ್ಲಿದ್ದಾನೆ ಎಂದರೆ ಮನೆಯಲ್ಲಿ ನೆಮ್ಮದಿ. ಅವನು ನಮ್ಮ ಕೆಲಸ ಮಾಡಿಕೊಡದಿದ್ದರೆ ಊರಲ್ಲಿ ಅವನಿಗೆ ಸಿಗುವ ಬಿರುದು ‘ಉಪಯೋಗಕ್ಕೆ ಬಾರದವನು’. ಅವನೇ ಬೇರೆಯವರ ಕೆಲಸ ಮಾಡಿಕೊಟ್ಟರೆ ಅದಕ್ಕೆ ಹೆಸರು ಪಕ್ಷಪಾತ.

ಮಾತುಗಳನ್ನೇ ಸ್ವಲ್ಪ ನೋಡಿ. ಪೊಲೀಸರಿಗೆ, ಸಾರಿಗೆಯವರಿಗೆ ಕೊಡುವುದನ್ನು ಮಾಮೂಲು ಎನ್ನುತ್ತೇವೆ. ಮಾಮೂಲು ಎಂದರೆ ಎಂದಿನದು, ರೂಢಿಯದು. ಇನ್ನು ಕಾಫಿ ಖರ್ಚು, ಕೈ ಬಿಸಿ, ಖುಷಿಗೆ ಕೊಡುವುದು, ಮೇಲ್ಖರ್ಚು. ವಶೀಲಿ ಎಂಬುದಂತೂ ಹೆಮ್ಮೆಯ ವಸ್ತು, ‘ನಮಗೆ ಅಲ್ಲಿ ವಶೀಲಿ ಇದೆ’ ಎಂದು ಮದುವೆ ಮನೆಯಲ್ಲಿ ಹೇಳಿಕೊಳ್ಳುತ್ತೇವೆ. ಲಂಚ ಎಂಬ ಶಬ್ದವನ್ನು ಮಾತ್ರ ಪತ್ರಿಕೆಯವರಿಗೂ ಪೊಲೀಸರಿಗೂ ಬಿಟ್ಟುಕೊಟ್ಟಿದ್ದೇವೆ. ಇನ್ನು ‘ನ್ಯಾಯ’ ಎಂಬ ಶಬ್ದ ಸರ್ಕಾರದ ಬೋರ್ಡುಗಳಲ್ಲಿ ಕೋರ್ಟನ್ನು ಬಿಟ್ಟರೆ ನನಗೆ ಕಂಡದ್ದು ರೇಷನ್ ಅಂಗಡಿಯ ಮೇಲೆ. ನ್ಯಾಯಬೆಲೆ ಅಂಗಡಿ. ಅಲ್ಲಿಯ ತಕ್ಕಡಿಯ ಬಗ್ಗೆ ನಿಮಗೇ ಗೊತ್ತು.

ಕಾನೂನು ಸುಮ್ಮನೆ ಕುಳಿತಿಲ್ಲ. ಕರ್ನಾಟಕದಲ್ಲಿ 1984ರಲ್ಲೇ ಲೋಕಾಯುಕ್ತ ಕಾಯ್ದೆ ಬಂತು. ಆ ಸಂಸ್ಥೆ ಏನು ಮಾಡಬಲ್ಲದು ಎಂದು ಜನ ಕಣ್ಣಾರೆ ಕಂಡದ್ದು 2001ರಿಂದ 2006ರವರೆಗೆ ಲೋಕಾಯುಕ್ತರಾಗಿದ್ದ ನ್ಯಾಯಮೂರ್ತಿ ಎನ್. ವೆಂಕಟಾಚಲ ಅವರ ಕಾಲದಲ್ಲಿ. ನಮ್ಮ ಮುಳಬಾಗಿಲು ತಾಲ್ಲೂಕಿನ ಮಿಟ್ಟೂರಿನವರು. ಅವರು ಬರುತ್ತಾರೆಂಬ ಸುದ್ದಿಗೇ ಕಚೇರಿಗಳಲ್ಲಿ ಹಾಜರಾತಿ ಪುಸ್ತಕ ತುಂಬುತ್ತಿದ್ದುದನ್ನು ನಾನು ನೋಡಿದ್ದೇನೆ. ಮಧ್ಯಾಹ್ನದ ನಂತರವೂ ಕುರ್ಚಿಗಳಲ್ಲಿ ಜನ ಇರುತ್ತಿದ್ದರು. ಆಮೇಲೆ 2016ರಲ್ಲಿ ಭ್ರಷ್ಟಾಚಾರ ನಿಗ್ರಹ ದಳ ಎಂದು ಬೇರೆ ಮಾಡಿದರು, 2022ರಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಆ ಕಥೆ ದೊಡ್ಡದು, ಬಿಡೋಣ. ನನಗೆ ಹೆಚ್ಚು ಕುತೂಹಲ ಹುಟ್ಟಿಸಿದ್ದು ಎರಡು ಸಣ್ಣ ಬದಲಾವಣೆಗಳು.

ಒಂದು ‘ಭೂಮಿ’ ಯೋಜನೆ. 2000ದ ಆಸುಪಾಸಿನಲ್ಲಿ ಪಹಣಿಗಳೆಲ್ಲ ಕಂಪ್ಯೂಟರಿಗೆ ಏರಿದವು. ಅದರಲ್ಲಿ ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ಕಟ್ಟನ್ನು ಯಂತ್ರದೊಳಗೇ ಹಾಕಿದ್ದರು. ಹಿಂದಿನದು ಮುಗಿಯದೆ ಮುಂದಿನದು ತೆರೆಯುತ್ತಿರಲಿಲ್ಲ. ನಮ್ಮ ಕಚೇರಿಯಲ್ಲಿ ಆಗ ಎಷ್ಟು ಗೊಣಗಾಟ! ನಾನು ಮಾತ್ರ ಆ ಪರದೆಯನ್ನು ನೋಡಿ ನಮ್ಮೂರಿನ ನೀರುಗಂಟಿಯನ್ನು ನೆನೆದೆ. ಆ ಯಂತ್ರಕ್ಕೆ ಭಾವಮೈದುನರಿರಲಿಲ್ಲ. ಅದಕ್ಕಿಂತ ದೊಡ್ಡದು: ಆ ನಿಷ್ಪಕ್ಷಪಾತಕ್ಕಾಗಿ ಯಾರನ್ನೂ ಊರ ಹೊರಗೆ ಇಡಬೇಕಾಗಿರಲಿಲ್ಲ.

ಇನ್ನೊಂದು 2012ರಲ್ಲಿ ಜಾರಿಗೆ ಬಂದ ಸಕಾಲ. ಇಂತಿಷ್ಟು ದಿನದಲ್ಲಿ ಕೆಲಸವಾಗದಿದ್ದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಯವರೆಗೆ ಅರ್ಜಿದಾರನಿಗೆ ಪರಿಹಾರ, ತಡಮಾಡಿದ ನೌಕರನ ಜೇಬಿನಿಂದ. ಇದು ಮೊತ್ತದಲ್ಲಿ ಚಿಕ್ಕದು, ಅರ್ಥದಲ್ಲಿ ಬಹಳ ದೊಡ್ಡದು. ಪ್ರಜೆಯ ಸಮಯಕ್ಕೂ ಬೆಲೆಯಿದೆ ಎಂದು ಸರ್ಕಾರ ಒಪ್ಪಿಕೊಂಡ ಹಾಗೆ. ಆದರೆ ನಾವು ಜಾಣರು. ಗಡುವು ಮೀರದಂತೆ ನೋಡಿಕೊಳ್ಳಲು ಅರ್ಜಿಯನ್ನೇ ಕೂಡಲೇ ಸ್ವೀಕರಿಸದಿರುವುದು, ಕೊನೆಯ ದಿನ ಯಾವುದೋ ಕಾಗದ ಇಲ್ಲ ಎಂದು ತಿರಸ್ಕರಿಸುವುದು, ಇವೆಲ್ಲವನ್ನೂ ನಾನು ನೋಡಿದ್ದೇನೆ. ಕಾನೂನಿನ ಅಕ್ಷರ ಅಲ್ಲಾಡಲಿಲ್ಲ, ಅರ್ಜಿದಾರ ಮಾತ್ರ ಇನ್ನೊಂದು ಸಲ ಬಸ್ಸು ಹತ್ತಿದ.

ಹಾಗೆಯೇ 2018ರಲ್ಲಿ ಭ್ರಷ್ಟಾಚಾರ ತಡೆ ಕಾಯ್ದೆಗೆ ತಿದ್ದುಪಡಿಯಾಗಿ, ಲಂಚ ಕೊಡುವುದೂ ನೇರ ಅಪರಾಧವಾಯಿತು. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು. ಈ ಸಭೆಯಲ್ಲಿ ಎಷ್ಟು ಜನಕ್ಕೆ ಇದು ಗೊತ್ತು ಎಂದು ಕೈ ಎತ್ತಿಸಿದೆ. ನಾಲ್ಕು ಕೈಗಳು. ಅದರಲ್ಲಿ ಇಬ್ಬರು ಕಾನೂನು ವಿದ್ಯಾರ್ಥಿಗಳು.

ನೈತಿಕತೆಯ ಭಾಷಣದಲ್ಲಿ ವಿಶ್ವೇಶ್ವರಯ್ಯನವರು ಬರದಿದ್ದರೆ ನಮ್ಮ ಕಡೆ ಅದು ಭಾಷಣವೇ ಅಲ್ಲ. ಮುದ್ದೇನಹಳ್ಳಿ ಇಲ್ಲಿಂದ ದೂರವೇನಲ್ಲ. ಎರಡು ಮೇಣದಬತ್ತಿಯ ಕಥೆ ನೀವೆಲ್ಲ ಕೇಳಿದ್ದೀರಿ: ಸರ್ಕಾರದ ಕೆಲಸಕ್ಕೆ ಸರ್ಕಾರದ ಬತ್ತಿ, ಸ್ವಂತ ಕೆಲಸಕ್ಕೆ ಸ್ವಂತ ಬತ್ತಿ. ಇದೇ ಕಥೆಯನ್ನು ಚಾಣಕ್ಯನ ಬಗ್ಗೆ ಹೇಳುತ್ತಾರೆ, ಖಲೀಫ ಉಮರ್ ಬಿನ್ ಅಬ್ದುಲ್ ಅಜೀಜರ ಬಗ್ಗೆಯೂ ಹೇಳುತ್ತಾರೆ. ಎಲ್ಲ ಊರಿಗೂ ಈ ಕಥೆ ಬೇಕು. ಏಕೆ ಬೇಕು ಎಂದರೆ, ಅದು ನಮ್ಮಿಂದ ಕೇಳುವುದು ಒಂದು ಮೇಣದಬತ್ತಿಯನ್ನು ಮಾತ್ರ. ನಾವು ಅವರ ಬದುಕಿನಿಂದ ಕಲಿಯಬೇಕಾದ, ಸ್ವಲ್ಪ ಕಹಿಯಾದ ಪಾಠ ಬೇರೆಯಿದೆ.

1912ರಲ್ಲಿ ದಿವಾನರಾದ ಅವರು 1918ರಲ್ಲಿ ಹುದ್ದೆ ಬಿಟ್ಟರು. ಮೈಸೂರು ಸಂಸ್ಥಾನದ ನೌಕರಿಗಳಲ್ಲಿ ಬ್ರಾಹ್ಮಣರೇ ತುಂಬಿದ್ದಾರೆ, ಉಳಿದವರಿಗೂ ಪಾಲು ಸಿಗಬೇಕು ಎಂಬ ಕೂಗು ಎದ್ದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಅವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. 1919ರಲ್ಲಿ ಅದು ಹಿಂದುಳಿದವರಿಗೆ ಅವಕಾಶ ಹೆಚ್ಚಿಸಬೇಕೆಂದು ವರದಿ ಕೊಟ್ಟಿತು. ಅರ್ಹತೆ ಒಂದನ್ನೇ ನೋಡಬೇಕು ಎಂಬುದು ವಿಶ್ವೇಶ್ವರಯ್ಯನವರ ನಿಲುವು. ಹೀಗಾಗಿ ಒಪ್ಪದೆ, ವರದಿ ಬರುವ ಮೊದಲೇ ಹೊರಬಂದಿದ್ದರು. ತಮ್ಮ ನಿಲುವಿಗಾಗಿ ಅಧಿಕಾರ ಬಿಟ್ಟದ್ದು ಪ್ರಾಮಾಣಿಕತೆಯೇ. ಅವರ ಕೈ ಶುದ್ಧ ಎಂಬುದರಲ್ಲಿ ನನಗೆ ಎಳ್ಳಷ್ಟೂ ಅನುಮಾನವಿಲ್ಲ. ಆದರೂ ಆ ವಿಷಯದಲ್ಲಿ ನಾನು ಮಹಾರಾಜರ ಕಡೆಯವನು. ನೀರನ್ನು ಕದಿಯದೆ ಹಂಚುವುದು ಒಂದು. ಅಚ್ಚುಕಟ್ಟಿನೊಳಗೆ ಯಾರಿಗೆ ಭೂಮಿಯೇ ಇಲ್ಲ ಎಂದು ಕೇಳುವುದು ಇನ್ನೊಂದು. ಮೊದಲನೆಯದರಲ್ಲಿ ಅವರನ್ನು ಮೀರಿಸಿದವರಿಲ್ಲ; ಎರಡನೆಯ ಪ್ರಶ್ನೆ ಅವರಿಗೆ ಪ್ರಶ್ನೆಯಾಗಿಯೇ ಕಾಣಲಿಲ್ಲ ಎನಿಸುತ್ತದೆ. ಹೀಗೆ ಹೇಳಿದ್ದಕ್ಕೆ ಚಿಕ್ಕಬಳ್ಳಾಪುರದ ಸ್ನೇಹಿತರು ನನ್ನನ್ನು ಊಟಕ್ಕೆ ಕರೆಯುವುದನ್ನು ನಿಲ್ಲಿಸಬಾರದು.

ಮುಳಬಾಗಿಲಿನ ಡಿ.ವಿ. ಗುಂಡಪ್ಪನವರದು ಇನ್ನೊಂದು ದಾರಿ. ಅವರು ಹುದ್ದೆ ಹಿಡಿಯದೆ, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿ, ಪ್ರಜೆ ರಾಜಕೀಯವನ್ನು ಓದಿ ತಿಳಿದುಕೊಳ್ಳಬೇಕು ಎಂದು ಕುಳಿತರು. 1970ರಲ್ಲಿ ಸನ್ಮಾನ ಮಾಡಿ ಕೊಟ್ಟ ಹಮ್ಮಿಣಿಯನ್ನೂ ಆ ಸಂಸ್ಥೆಗೇ ಕೊಟ್ಟುಬಿಟ್ಟರು. ಅವರ ಪದ್ಯಗಳನ್ನು ಬಾಯಿಪಾಠ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ಪಂಚಾಯಿತಿಯ ಜಮಾಬಂದಿಯ ದಿನ, ಅಂದರೆ ವರ್ಷದ ಲೆಕ್ಕವನ್ನು ಜನರ ಮುಂದೆ ಪರಿಶೀಲಿಸುವ ದಿನ, ಲೆಕ್ಕದ ಪುಸ್ತಕ ತೆರೆದಾಗ ಮಾತ್ರ ಎದುರಿಗೆ ಕುರ್ಚಿಗಳೇ ಇರುತ್ತವೆ.

ಇಲ್ಲಿಯವರೆಗೆ ಸರ್ಕಾರವನ್ನೂ ನೌಕರನನ್ನೂ ಬೈದದ್ದಾಯಿತು. ಸಮಾಜದ ಪಾಲು ಹೇಳದಿದ್ದರೆ ನಾನೇ ಪಕ್ಷಪಾತಿಯಾಗುತ್ತೇನೆ. 2000ನೆಯ ಇಸವಿ ಮಾರ್ಚ್ 11. ಆಗ ನಮ್ಮ ಜಿಲ್ಲೆಯಲ್ಲೇ ಇದ್ದ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಮಂದಿ ದಲಿತರನ್ನು ಮನೆಯೊಳಗೆ ಕೂಡಿ ಸುಟ್ಟರು. ನಿಮ್ಮಲ್ಲಿ ಹೆಚ್ಚಿನವರು ಆಗ ಹುಟ್ಟಿರಲಿಲ್ಲ. 2006ರಲ್ಲಿ ವಿಚಾರಣಾ ನ್ಯಾಯಾಲಯ ಆರೋಪಿಗಳನ್ನೆಲ್ಲ ಬಿಡುಗಡೆ ಮಾಡಿತು, 2014ರಲ್ಲಿ ಹೈಕೋರ್ಟ್ ಅದನ್ನೇ ಎತ್ತಿಹಿಡಿಯಿತು. ಸಾಕ್ಷಿಗಳು ಪ್ರತಿಕೂಲವಾಗಿದ್ದರು. ಏಳು ಜೀವ ಹೋದದ್ದು ನಿಜ, ಕೊಂದವರು ಮಾತ್ರ ಕಾನೂನಿನ ಲೆಕ್ಕದಲ್ಲಿ ಯಾರೂ ಅಲ್ಲ. ಸಾಕ್ಷಿ ಹೇಳಬೇಕಾದವರ ಭಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಅದೇ ಊರಿನಲ್ಲಿ ಅವರು ನಾಳೆಯೂ ಬದುಕಬೇಕಿತ್ತು. ನನಗೆ ಇರುವ ಪ್ರಶ್ನೆ ಉಳಿದ ನಮ್ಮ ಬಗ್ಗೆ. ಸತ್ಯ ಹೇಳಿದರೆ ಊರಲ್ಲಿ ಬದುಕಲಾಗದು ಎಂಬ ಸ್ಥಿತಿಯನ್ನು ಕಟ್ಟಿದವರು ಯಾರು? ಅದು ಒಬ್ಬ ಮಂತ್ರಿಯ, ಒಬ್ಬ ಅಧಿಕಾರಿಯ ಕೆಲಸವಲ್ಲ.

ಅಂಬೇಡ್ಕರ್ ಅವರು 1948ರ ನವೆಂಬರ್ 4ರಂದು ಸಂವಿಧಾನ ಸಭೆಯಲ್ಲಿ ಕರಡನ್ನು ಮಂಡಿಸುತ್ತಾ ಸಾಂವಿಧಾನಿಕ ನೈತಿಕತೆಯ ಮಾತು ಎತ್ತಿದರು. ಅದು ಮನುಷ್ಯನಿಗೆ ಹುಟ್ಟಿನಿಂದ ಬರುವ ಭಾವನೆಯಲ್ಲ, ಬೆಳೆಸಿಕೊಳ್ಳಬೇಕಾದದ್ದು, ನಮ್ಮ ಜನ ಅದನ್ನು ಇನ್ನೂ ಕಲಿಯಬೇಕಾಗಿದೆ ಎಂಬುದು ಅವರ ವಾದ. ಆಡಳಿತದ ಸಣ್ಣಪುಟ್ಟ ವಿವರಗಳನ್ನೆಲ್ಲ ಸಂವಿಧಾನದಲ್ಲೇ ಏಕೆ ಬರೆದಿದ್ದೀರಿ ಎಂಬ ಆಕ್ಷೇಪಕ್ಕೆ ಅವರು ಕೊಟ್ಟ ಉತ್ತರ ಅದು. ಅಂದರೆ, ನಮ್ಮ ಒಳ್ಳೆಯತನವನ್ನು ನಂಬಿ ಬಿಟ್ಟುಬಿಡಲು ಅವರು ಸಿದ್ಧರಿರಲಿಲ್ಲ. ಕಂದಾಯ ಕಚೇರಿಯಲ್ಲಿ ಕೆಲಸ ಮಾಡಿದವನಿಗೆ ಇದು ಬೇಗ ಅರ್ಥವಾಗುತ್ತದೆ.

ಕೊನೆಗೆ ಮತ್ತೆ ಕೆರೆಗೆ ಬರುತ್ತೇನೆ, ಏಕೆಂದರೆ ಕೆರೆಗೂ ನೀರು ಮತ್ತೆ ಬಂದಿದೆ. ಕೊಳವೆಬಾವಿಗಳು ಸಾವಿರ, ಸಾವಿರದೈನೂರು ಅಡಿ ಇಳಿದರೂ ಧೂಳು ಬರುತ್ತಿದ್ದ ನಮ್ಮ ಜಿಲ್ಲೆಗೆ 2018ರ ಜೂನ್‌ನಲ್ಲಿ ಕೆ.ಸಿ. ವ್ಯಾಲಿ (ಕೋರಮಂಗಲ–ಚಲ್ಲಘಟ್ಟ ಕಣಿವೆ) ಯೋಜನೆಯ ನೀರು ಮೊದಲು ಲಕ್ಷ್ಮೀಸಾಗರದ ಕೆರೆಗೆ ಬಂತು. ಬೆಂಗಳೂರು ಬಳಸಿ ಬಿಟ್ಟ ಕೊಳಚೆ ನೀರನ್ನು ಎರಡು ಹಂತದಲ್ಲಿ ಸಂಸ್ಕರಿಸಿ, ದಿನಕ್ಕೆ 400 ದಶಲಕ್ಷ ಲೀಟರಿನಷ್ಟನ್ನು ಇಲ್ಲಿನ 126 ಕೆರೆಗಳಿಗೆ ತುಂಬಿ ಅಂತರ್ಜಲ ಏರಿಸುವ ಯೋಜನೆ. ಮೂರನೆಯ ಹಂತದ ಶುದ್ಧೀಕರಣ ಆಗಬೇಕು ಎಂದು ಹೋರಾಟಗಾರರು ಮೊದಲಿನಿಂದಲೂ ಕೇಳುತ್ತಿದ್ದಾರೆ, ಸುಪ್ರೀಂ ಕೋರ್ಟಿನವರೆಗೂ ಹೋದರು. ಬತ್ತಿದ ಬಾವಿಗಳಲ್ಲಿ ನೀರು ಕಂಡ ರೈತರು, ನೀವು ಸುಮ್ಮನಿರಿ, ಇರುವುದನ್ನೂ ಕಳೆಯಬೇಡಿ ಎಂದರು. ಎರಡೂ ಕಡೆಯವರು ನಮ್ಮವರೇ. ನನ್ನ ಅಭಿಪ್ರಾಯ ಕೇಳಿದರೆ, ಮೂರನೆಯ ಹಂತ ಬೇಕು. ನೀರು ಬಳಸಿದವರು ಅದನ್ನು ಪೂರ್ತಿ ತೊಳೆಯುವ ಖರ್ಚನ್ನೂ ಹೊರಬೇಕು. ನೀರಿಲ್ಲದವರು ಸಿಕ್ಕಿದ್ದನ್ನು ಕುಡಿಯಲಿ ಎಂಬುದು ನಮ್ಮ ಅಜ್ಜಿ ಜಗಲಿಯ ಮೇಲಿನಿಂದ ನೀರು ಸುರಿದ ಹಾಗೆಯೇ.

ಆದರೆ ಅದೇ ಕೆರೆಯ ದಡಕ್ಕೆ ಹೋಗಿ ನೋಡಿ. ನೀರನ್ನು ನೇರವಾಗಿ ಎತ್ತಬಾರದು, ಅದು ಇಂಗಬೇಕು, ಮುಂದಿನ ಕೆರೆಗೆ ಹರಿಯಬೇಕು ಎಂಬುದು ನಿಯಮ. ರಾತ್ರಿ ಕಾಲುವೆಗೆ ಪಂಪು ಇಳಿಯುತ್ತದೆ. ಅಧಿಕಾರಿಗಳು ಬಂದು ಪೈಪು ಕಿತ್ತರೆ ಊರಿನ ಮುಖಂಡರು ಫೋನು ಮಾಡುತ್ತಾರೆ, ‘ಸಾರ್, ನಮ್ಮವನು, ಸ್ವಲ್ಪ ನೋಡಿ’. ಕೆಳಗಿನ ಕೆರೆಯ ಊರಿನವರು ಕಾಯುತ್ತಾರೆ. ಆ ಮಾತು ಕೇಳಿದಾಗಲೆಲ್ಲ ನನ್ನ ಮೇಜಿನ ಮೇಲಿದ್ದ ಎರಡು ಕಡತಗಳು ಕಣ್ಣ ಮುಂದೆ ಬರುತ್ತವೆ.

ಭಾಷಣ ಇಲ್ಲಿಗೆ ಮುಗಿದಿತ್ತು. ಪ್ರಶ್ನೆಗಳಿಗೆ ಸಮಯ ಕೊಟ್ಟರು.

ಒಬ್ಬ ಹುಡುಗ ಎದ್ದು, 545 ಸಬ್ ಇನ್‌ಸ್ಪೆಕ್ಟರ್ ಹುದ್ದೆಗಳ ಪರೀಕ್ಷೆ ಅಕ್ರಮದಿಂದಾಗಿ 2022ರಲ್ಲಿ ರದ್ದಾದಾಗ ತನ್ನ ಅಣ್ಣನ ಎರಡು ವರ್ಷದ ಓದು ಹೋಯಿತು, ಪ್ರಾಮಾಣಿಕರಿಗೆ ಇದರಿಂದ ಏನು ಸಿಕ್ಕಿತು ಎಂದು ಕೇಳಿದ. ಕೋಪದಲ್ಲಿದ್ದ. ಅವನಿಗೆ ಸಮಾಧಾನ ಹೇಳುವ ಮಾತು ನನ್ನ ಬಳಿ ಇರಲಿಲ್ಲ, ಹಾಗೆಯೇ ಹೇಳಿದೆ. ಮೋಸ ಮಾಡಿದವರ ತಂದೆತಾಯಂದಿರಲ್ಲಿ ಎಷ್ಟೋ ಮಂದಿ ಹಣ ಹೊಂದಿಸಲು ಜಮೀನು ಮಾರಿರಬಹುದು, ಮಗನಿಗೆ ದಾರಿ ಮಾಡಿಕೊಡುವುದು ತಮ್ಮ ಕರ್ತವ್ಯ ಎಂದೇ ನಂಬಿರಬಹುದು ಎಂದೆ. ‘ಅದು ಉತ್ತರವಲ್ಲ ಸರ್’ ಎಂದ. ಅಲ್ಲ, ನಿಜ.

ಇನ್ನೊಬ್ಬ ಹುಡುಗಿ ಹಿಂದಿನ ಸಾಲಿನಿಂದ ಕೇಳಿದಳು: ‘ಆ ಅವರೆಕಾಯಿ ತಂದವರಿಗೆ ನೀವು ಆಮೇಲೆ ನಿಜ ಹೇಳಿದಿರಾ?’

ಹೇಳಲಿಲ್ಲ. ಅವರ ಊರಿನ ಮೇಲೆ ಹೋಗುವ ಬಸ್ಸಿನಲ್ಲಿ ನಾನು ಎಷ್ಟೋ ಸಲ ಓಡಾಡಿದ್ದೇನೆ. ಒಂದು ಸಲ ಆ ನಿಲ್ದಾಣದಲ್ಲಿ ಅವರೇ ನಿಂತಿದ್ದರು, ನನ್ನ ಗುರುತು ಹಿಡಿದು ಕೈ ಮುಗಿದರು. ಕಿಟಕಿಯ ಪಕ್ಕ ಕುಳಿತಿದ್ದ ನಾನೂ ಕೈ ಮುಗಿದೆ. ಬಸ್ಸು ಹೊರಟಿತು.